ಬೇಸಿಗೆಯ ರಜವೂ ಮಕ್ಕಳ ಪುಸ್ತಕಭಂಡಾರವೂ



ನಾನು ಹುಡುಗನಾಗಿದ್ದ ಕಾಲದಲ್ಲಿ ನಮ್ಮ ತಾಲ್ಲೂಕು ಊರಿನಲ್ಲಿ ಒಂದು ಸಾರ್ವಜನಿಕ ಪುಸ್ತಕಭಂಡಾರವಿದ್ದಿತು. ಅದರ ಬಾಗಿಲ ಪಕ್ಕದಲ್ಲಿ ಒಂದು ಹಲಗೆಯನ್ನು ತೂಗುಹಾಕಿದ್ದರು. ನಿಶ್ಶಬ್ದವಾಗಿರಬೇಕೆಂಬ ಸೂಚನೆಯ ಕೆಳಗೆ, ಮಕ್ಕಳಿಗೆ ಪ್ರವೇಶವಿಲ್ಲವೆಂದು ಅದರಲ್ಲಿ ಬರೆದಿದ್ದಿತು. ಅಕ್ಷರಗಳು ದಪ್ಪವಾಗಿಯೂ ಸ್ಫುಟವಾಗಿಯೂ ಇದ್ದುದರಿಂದ ಎರಡನೆಯ ತರಗತಿಯ ಹುಡುಗನೂ ಅದನ್ನು ತಡವರಿಸದೆ ಓದಬಹುದಾಗಿತ್ತು. ಆ ಪುಸ್ತಕಭಂಡಾರವು ನನ್ನ ಬಾಲ್ಯದ ವಿದ್ಯಾಭ್ಯಾಸಕ್ಕೆ ಮಾಡಿದ ಸಹಾಯ ಅಷ್ಟೇ ಎಂದರೆ ಅತಿಶಯೋಕ್ತಿಯಾಗಲಾರದು.

ಇದರಲ್ಲಿ ಅಲ್ಲಿಯ ಮೇಲ್ವಿಚಾರಕರ ದೋಷವೇನೂ ಇರಲಿಲ್ಲ. ಅವರು ಸಾಧುಗಳು, ದಾರಿಯಲ್ಲಿ ಸಿಕ್ಕಿದರೆ ನಮ್ಮ ತಲೆ ನೇವರಿಸಿ, ಪಾಠ ಎಲ್ಲಿಯವರೆಗೆ ಬಂದಿತೆಂದು ವಿಚಾರಿಸುವರು. ಆದರೆ ಪುಸ್ತಕ ಕಳೆದರೆ ಅದರ ಬೆಲೆಯನ್ನು ತಮ್ಮ ಸಂಬಳದಿಂದ ತುಂಬಿಕೊಡಬೇಕೆಂಬ ಹೆದರಿಕೆ ಅವರನ್ನು ಸದಾ ಕಾಡುತ್ತಿದ್ದಿತು. ಇದನ್ನು ನಾನು ಕಾಲೇಜಿನಲ್ಲಿ ಅಧ್ಯಾಪಕನಾದ ಮೇಲೆ, ಒಮ್ಮೆ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದಾಗ, ಅವರೇ ಹೇಳಿದರು. "ಹುಡುಗರನ್ನು ಒಳಗೆ ಬಿಟ್ಟರೆ ಪುಸ್ತಕ ಹರಿಯುತ್ತಾರಪ್ಪ. ಹರಿದ ಪುಸ್ತಕಕ್ಕೆ ನನ್ನನ್ನು ಲೆಕ್ಕ ಕೇಳುತ್ತಾರೆ, ಯಾರೂ ಓದದ ಪುಸ್ತಕಕ್ಕೆ ಯಾರನ್ನೂ ಲೆಕ್ಕ ಕೇಳುವುದಿಲ್ಲ" ಎಂದರು. ಪುಸ್ತಕಭಂಡಾರಗಳ ಆಡಳಿತವನ್ನು ಕುರಿತು ನಾನು ಓದಿರುವ ಗ್ರಂಥಗಳಲ್ಲಿ ಇಷ್ಟು ವಿಶದವಾದ ಮಾತನ್ನು ಕಂಡಿಲ್ಲ.

ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದನ್ನೇ ತಮ್ಮ ಶಾಸ್ತ್ರದ ಮೊದಲನೆಯ ಸೂತ್ರವಾಗಿ ಇಟ್ಟುಕೊಂಡ ಡಾಕ್ಟರ್ ಎಸ್. ಆರ್. ರಂಗನಾಥನ್ ಅವರು ಆ ಐದು ಸೂತ್ರಗಳ ಗ್ರಂಥವನ್ನು ಪ್ರಕಟಿಸಿದ್ದು 1931ರಲ್ಲಿ. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನೇರಿಸಿ ಹಳ್ಳಿ ಹಳ್ಳಿಗೂ ಕಳುಹಿಸುವ ಪ್ರಯೋಗ ನಡೆಯಿತು. ರಂಗನಾಥನ್ನರು 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1972ರಲ್ಲಿ ಕಾಲವಾಗುವವರೆಗೂ ನಮ್ಮ ನಡುವೆಯೇ ಬಾಳಿದರು. ಆದರೂ ನಮ್ಮ ಮೇಲ್ವಿಚಾರಕರ ಹೆದರಿಕೆಯ ಮುಂದೆ ಅವರ ಸೂತ್ರವು ಬಹು ಕಾಲ ಬಾಗಿಲ ಹೊರಗೇ ನಿಂತಿದ್ದಿತು, ನಾವು ನಿಂತಿದ್ದಂತೆಯೇ.

ಈ ಹೊತ್ತು ನಾನು ತಮ್ಮಲ್ಲಿ ವಿಜ್ಞಾಪಿಸಿಕೊಳ್ಳಬೇಕೆಂದಿರುವುದು ಒಂದು ಸಣ್ಣ ವಿಷಯ. ಬೇಸಿಗೆಯ ರಜದ ದಿನಗಳಲ್ಲಿ ಸಾರ್ವಜನಿಕ ಪುಸ್ತಕಭಂಡಾರಗಳು ಮಕ್ಕಳಿಗಾಗಿ ನಡೆಸತಕ್ಕ ಓದಿನ ಏರ್ಪಾಡುಗಳಿಗೆ ನಮ್ಮಂತಹ ಗೃಹಸ್ಥರು ಯಾವ ರೀತಿಯಲ್ಲಿ ನೆರವಾಗಬಹುದು ಎಂಬುದೇ ಆ ವಿಷಯ. ಸಣ್ಣದೆಂದು ಏಕೆ ಹೇಳಿದೆನೆಂದರೆ, ಇದಕ್ಕೆ ಬೇಕಾಗುವ ಹಣ ಅಲ್ಪ, ಕಾಲ ಅಲ್ಪ, ಪಾಂಡಿತ್ಯವಂತೂ ಸ್ವಲ್ಪವೂ ಬೇಡ. ಬಹುಶಃ ಆ ಕಾರಣದಿಂದಲೇ ಯಾರೂ ಇದರ ಕಡೆಗೆ ಗಮನ ಕೊಡುವುದಿಲ್ಲ.

ನಮ್ಮಲ್ಲಿ ಶಾಲೆಗಳು ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮುಚ್ಚಿ, ಮೇ ತಿಂಗಳ ಕಡೆಯಲ್ಲಿ ತೆರೆಯುತ್ತವೆ. ಸುಮಾರು ಏಳು ವಾರ. ನನ್ನ ಬಾಲ್ಯದಲ್ಲಿ ಈ ಏಳು ವಾರವೂ ಅಜ್ಜಿಯ ಮನೆಗೆ ಮೀಸಲಾಗಿದ್ದಿತು. ಮಾವಿನ ಹಣ್ಣು, ಬಾವಿಯ ನೀರು, ಮಧ್ಯಾಹ್ನದ ಚೌಕಾಬಾರ, ಅಟ್ಟದ ಮೇಲೆ ಗೆದ್ದಲು ತಿಂದುಳಿದ ಚಂದಮಾಮದ ಹಳೆಯ ಸಂಚಿಕೆಗಳು. 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆ ಈಗ ನಿಂತುಹೋಗಿದೆ. ಅಜ್ಜಿಯ ಮನೆಗಳೂ ಬಹುಮಟ್ಟಿಗೆ ಮಾರಾಟವಾಗಿವೆ. ಈಗ ಅನುಕೂಲಸ್ಥರ ಮಕ್ಕಳನ್ನು ಈಜು, ಚಿತ್ರಕಲೆ, ಗಣಿತದ ಚಮತ್ಕಾರ ಮುಂತಾದುವುಗಳ ಬೇಸಿಗೆ ಶಿಬಿರಗಳಿಗೆ ಹಾಕುತ್ತಾರೆ. ಬೆಳಿಗ್ಗೆ ಒಂದು ವಾಹನ ಬಂದು ಒಯ್ಯುವುದು, ಸಂಜೆ ಇನ್ನೊಂದು ತಂದಿಳಿಸುವುದು. ನನ್ನ ಮಗನನ್ನೂ ಎರಡು ವರ್ಷ ಹಾಗೆ ಕಳುಹಿಸಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಅನುಕೂಲವಿಲ್ಲದವರ ಮಕ್ಕಳು ಬೀದಿಯಲ್ಲಿರುತ್ತಾರೆ, ಅಥವಾ ತಂದೆತಾಯಿಗಳು ಕೆಲಸ ಮಾಡುವಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಕುಳಿತಿರುತ್ತಾರೆ. ಎರಡು ವರ್ಗದವರ ಕೈಗೂ ಸಮಾನವಾಗಿ ದೊರಕಿರುವ ವಸ್ತುವೊಂದೇ, ಮೊಬೈಲ್ ಫೋನು.

ಶಾಲೆಯಿಲ್ಲದ ವಾರಗಳಲ್ಲಿ ಓದಿದ್ದೆಲ್ಲ ಸೋರಿಹೋಗುವುದೆಂದು ಉಪಾಧ್ಯಾಯರು ಎಲ್ಲ ದೇಶಗಳಲ್ಲಿಯೂ ಹೇಳುತ್ತ ಬಂದಿದ್ದಾರೆ. ಅದನ್ನು ಅಳೆಯಲು ಅಮೆರಿಕದಲ್ಲಿ ಬಹಳ ಪ್ರಯತ್ನ ನಡೆದಿದೆ. ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಆರನೆಯ ಮತ್ತು ಏಳನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ 1978ರಲ್ಲಿ ಒಂದು ಗ್ರಂಥವನ್ನು ಬರೆದರು. ಬೇಸಿಗೆಯಲ್ಲಿ ಮಕ್ಕಳ ಕಲಿಕೆಗೆ ಒತ್ತಾಸೆಯಾಗಿ ನಿಂತ ಸಂಸ್ಥೆಗಳಲ್ಲಿ ಸಾರ್ವಜನಿಕ ಪುಸ್ತಕಭಂಡಾರದಷ್ಟು ಉಪಕಾರಿಯಾದುದು ಮತ್ತೊಂದಿಲ್ಲವೆಂದು ಆಕೆ ಕಂಡುಕೊಂಡರು. ಆರು ಅಥವಾ ಅದಕ್ಕಿಂತ ಹೆಚ್ಚು ಪುಸ್ತಕಗಳನ್ನು ಓದಿದ ಮಕ್ಕಳು ಓದದವರಿಗಿಂತ ಮುಂದಾಗಿದ್ದರು. ತರುವಾಯ ರಿಚರ್ಡ್ ಆಲಿಂಗ್ಟನ್ ಮತ್ತು ಅವರ ಸಂಗಡಿಗರು ಫ್ಲಾರಿಡಾ ಪ್ರಾಂತ್ಯದ ಬಡ ಮಕ್ಕಳಿಗೆ ಮೂರು ವರ್ಷ ರಜಕ್ಕೆ ಮೊದಲು ಹನ್ನೆರಡು ಹನ್ನೆರಡು ಪುಸ್ತಕಗಳನ್ನು ಕೊಟ್ಟರು. ಕೊಟ್ಟರೆನ್ನುವುದಕ್ಕಿಂತ, ಮಕ್ಕಳೇ ಆರಿಸಿಕೊಂಡು ಒಯ್ದರೆನ್ನುವುದು ಸರಿ. ಪಾಠವಿಲ್ಲ, ಪರೀಕ್ಷೆಯಿಲ್ಲ. ಅಂತಹ 852 ಮಕ್ಕಳನ್ನು, ಪುಸ್ತಕ ದೊರೆಯದ 478 ಮಕ್ಕಳೊಡನೆ ಹೋಲಿಸಿದಾಗ, ಓದಿನಲ್ಲಿ ಬೇಸಿಗೆಯ ಶಾಲೆಗೆ ಹೋದಷ್ಟೇ ಪ್ರಯೋಜನ ಕಂಡಿತೆಂದು ಅವರು 2010ರಲ್ಲಿ ಪ್ರಕಟಿಸಿದರು.

ಆದರೆ ಅಳತೆಯ ವಿಷಯದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿದೆಯೆಂದು ತಾವು ಭಾವಿಸಕೂಡದು. ಪಾಲ್ ವಾನ್ ಹಿಪ್ಪೆಲ್ ಎಂಬವರು 2019ರಲ್ಲಿ, ಬೇಸಿಗೆಯ ನಷ್ಟವೆಂಬುದು ಹಳೆಯ ಪರೀಕ್ಷೆಗಳ ರಚನೆಯ ದೋಷದಿಂದ ಹುಟ್ಟಿದ್ದಾಗಿಯೂ ಇರಬಹುದೆಂದು ಸಂದೇಹವನ್ನೆತ್ತಿದರು. ಇರಬಹುದು. ಅಂಕಗಳ ಲೆಕ್ಕದಿಂದ ಈ ಕೆಲಸವನ್ನು ಸಮರ್ಥಿಸಬೇಕೆಂಬ ಆಸೆ ನನಗಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಹದಿನೆಂಟನೆಯ ವಯಸ್ಸಿನಲ್ಲಿ ನನ್ನ ಮುಂದೆ ಬಂದು ಕುಳಿತುಕೊಳ್ಳುವ ಹುಡುಗ ಹುಡುಗಿಯರಲ್ಲಿ ಅನೇಕರು ಪಠ್ಯಪುಸ್ತಕವಲ್ಲದ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಲ್ಲ. ಬುದ್ಧಿಯಲ್ಲಿ ಅವರು ನಮಗಿಂತ ಕಡಮೆಯಲ್ಲ. ಓದಬೇಕಾದ ವಯಸ್ಸಿನಲ್ಲಿ ಅವರ ಕೈಗೆ ಯಾರೂ ಪುಸ್ತಕವನ್ನು ಕೊಡಲಿಲ್ಲ, ಅಷ್ಟೆ. ಕನ್ನಡವನ್ನು ಮಾತಾಡಲು ಬಲ್ಲ, ಓದಲು ಹಿಂಜರಿಯುವ ಒಂದು ತಲೆಮಾರೇ ಇಂಗ್ಲಿಷು ಮಾಧ್ಯಮದ ಶಾಲೆಗಳಿಂದ ಹೊರಟುಬಂದಿದೆ. ಅವರ ಪಾಲಿಗೆ ಈ ಏಳು ವಾರಗಳಲ್ಲದೆ ಕನ್ನಡ ಪುಸ್ತಕಕ್ಕೆ ವರ್ಷದಲ್ಲಿ ಬೇರೆ ಬಿಡುವಿಲ್ಲ.

ಮಕ್ಕಳನ್ನು ಪುಸ್ತಕಭಂಡಾರದೊಳಗೆ ಬಿಡುವುದೇ ಒಂದು ಕಾಲದಲ್ಲಿ ಎಲ್ಲೆಡೆಯೂ ಹೊಸ ಮಾತಾಗಿದ್ದಿತು. ಅಮೆರಿಕದ ಪುಸ್ತಕಭಂಡಾರಗಳಲ್ಲಿಯೂ ಹನ್ನೆರಡೋ ಹದಿನಾಲ್ಕೋ ವರ್ಷ ತುಂಬದವರಿಗೆ ಪ್ರವೇಶ ಕೊಡದಿದ್ದ ದಿನಗಳಿದ್ದುವು. ಕ್ಲೀವ್‌ಲ್ಯಾಂಡ್ ನಗರದಲ್ಲಿ 1897ರಲ್ಲಿ ಮಕ್ಕಳದೇ ಒಂದು ಪುಸ್ತಕ ಸಂಘವನ್ನು ಕಟ್ಟಿದರು. ಪುಸ್ತಕವನ್ನು ಕೊಳೆಮಾಡದೆ, ಹರಿಯದೆ ಕಾಪಾಡುವೆನೆಂದು ಮಾತು ಕೊಟ್ಟ ಮಗು ಅದರ ಸದಸ್ಯ. ಹಲಗೆಯ ಮೇಲೆ ನಿಷೇಧವನ್ನು ಬರೆಯುವುದಕ್ಕೆ ಬದಲಾಗಿ ಮಗುವನ್ನೇ ಕಾವಲಿಗೆ ನಿಲ್ಲಿಸಿದ ಈ ಉಪಾಯ ನನಗೆ ಬಹಳ ಹಿಡಿಸಿದೆ. ಬ್ರಿಟನ್ನಿನಲ್ಲಿ 1999ರಿಂದ ಪ್ರತಿ ಬೇಸಿಗೆಯಲ್ಲಿಯೂ ಮಕ್ಕಳು ತಮಗೆ ಇಷ್ಟವಾದ ಆರು ಪುಸ್ತಕಗಳನ್ನು ಓದಿ ಮುಗಿಸುವ ಒಂದು ಪಂಥವನ್ನು ಪುಸ್ತಕಭಂಡಾರಗಳು ನಡೆಸುತ್ತಿವೆ. ನಮ್ಮ ದೇಶದಲ್ಲಿ ಬರೋಡೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲಕರನ್ನು ಕರೆಸಿಕೊಂಡು, ಸಂಸ್ಥಾನದ ಹಳ್ಳಿಗಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ಕಳುಹಿಸುವ ವ್ಯವಸ್ಥೆ ಮಾಡಿದರು. ರಾಜಧಾನಿಯ ಕೇಂದ್ರ ಪುಸ್ತಕಭಂಡಾರದಲ್ಲಿ ಮಕ್ಕಳಿಗಾಗಿಯೇ ಒಂದು ವಿಭಾಗವಿದ್ದಿತು.

ನಮ್ಮ ಮೈಸೂರು ಸೀಮೆ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸಾರ್ವಜನಿಕ ಪುಸ್ತಕಭಂಡಾರಗಳು ಹುಟ್ಟಿದುವು. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಮಂದಿರದ ಕೆಂಪು ಕಟ್ಟಡವನ್ನು ಅರಿಯದ ಬೆಂಗಳೂರಿಗರಿಲ್ಲ. 1938ರಲ್ಲಿ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಪಂಜೆ ಮಂಗೇಶರಾಯರು, ಹೊಯಿಸಳರು, ರಾಜರತ್ನಂ ಇವರು ಮಕ್ಕಳಿಗಾಗಿ ಬರೆಯುವುದನ್ನು ಕೀಳು ಕೆಲಸವೆಂದು ಎಣಿಸಲಿಲ್ಲ. ಶಿವರಾಮ ಕಾರಂತರು ತಮ್ಮ ಮೂವತ್ತರ ಹರಯದಲ್ಲಿ, ಮೂರು ದೊಡ್ಡ ಸಂಪುಟಗಳ ಬಾಲಪ್ರಪಂಚವನ್ನು ಒಬ್ಬರೇ ಕುಳಿತು ಬರೆದರು. ಬರೆಯುವವರು ಇದ್ದರು. ಬರೆದುದನ್ನು ಮಗುವಿನ ಕೈಗೆ ಮುಟ್ಟಿಸುವ ದಾರಿ ಮಾತ್ರ ಇಕ್ಕಟ್ಟಾಗಿದ್ದಿತು.

ಇನ್ನು ನನ್ನ ಅನುಭವವನ್ನು ಹೇಳುತ್ತೇನೆ. ನಮ್ಮ ಬಡಾವಣೆಯಲ್ಲಿ ಪುಸ್ತಕಭಂಡಾರದ ಒಂದು ಶಾಖೆಯಿದೆ. ಎರಡು ಕೊಠಡಿ, ಒಂದು ಜಗಲಿ, ಅಂಗಳದಲ್ಲಿ ಒಂದು ಹೊಂಗೆಯ ಮರ. ಬೆಳಿಗ್ಗೆ ಪತ್ರಿಕೆ ಓದುವ ಹಿರಿಯರು, ಮಧ್ಯಾಹ್ನ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣರು. ಮಕ್ಕಳ ಪುಸ್ತಕಗಳ ಬೀರು ಗೋಡೆಯ ಮೂಲೆಯಲ್ಲಿದ್ದು, ಅದರ ಬೀಗದ ಕೈ ಗ್ರಂಥಪಾಲಕಿಯವರ ಮೇಜಿನಲ್ಲಿರುತ್ತಿದ್ದಿತು. ಐದು ವರ್ಷಗಳ ಹಿಂದೆ ಆಕೆ, "ರಜದಲ್ಲಿ ಈ ಬೀರುವನ್ನು ಜಗಲಿಗೆ ತಂದು ಬಾಗಿಲು ತೆಗೆದಿಡಬೇಕೆಂದಿದ್ದೇನೆ, ಸಾರ್, ಜೊತೆಗೆ ಯಾರಾದರೂ ಇಬ್ಬರು ದೊಡ್ಡವರು ಕುಳಿತುಕೊಂಡರೆ ಧೈರ್ಯ" ಎಂದರು. ನಾನೂ, ನಿವೃತ್ತರಾದ ಪೋಸ್ಟ್‌ಮಾಸ್ಟರರೊಬ್ಬರೂ ಒಪ್ಪಿಕೊಂಡೆವು. ಹೀಗೆ ಆರಂಭವಾದುದು.

ಮೊದಲನೆಯ ವರ್ಷ ನಾವು ಮಾಡಿದ ತಪ್ಪನ್ನು ಇತರರ ಉಪಯೋಗಕ್ಕಾಗಿ ಹೇಳಬೇಕು. ಉತ್ಸಾಹದಲ್ಲಿ, ರಜ ಮುಗಿಯುವುದರೊಳಗೆ ಅತ್ಯಂತ ಹೆಚ್ಚು ಪುಸ್ತಕ ಓದಿದ ಮಗುವಿಗೆ ಬಹುಮಾನವೆಂದು ಸಾರಿಬಿಟ್ಟೆವು. ಅದು ನನ್ನದೇ ಸಲಹೆ. ಒಂದು ವಾರದಲ್ಲಿ ಬೀರುವಿನ ತೆಳು ಪುಸ್ತಕಗಳೆಲ್ಲ ಮಾಯವಾದುವು. ಒಬ್ಬ ಹುಡುಗ ದಿನಕ್ಕೆ ನಾಲ್ಕರಂತೆ ಒಯ್ದು, ನಾಲ್ಕರಂತೆ ತಂದು, ನಲವತ್ತೊಂದು ಪುಸ್ತಕಗಳನ್ನು ಲೆಕ್ಕಕ್ಕೆ ಬರೆಸಿದನು. ಪೋಸ್ಟ್‌ಮಾಸ್ಟರರು ಒಂದು ದಿನ ಅವನನ್ನು ಕೂರಿಸಿಕೊಂಡು ಯಾವುದಾದರೂ ಒಂದು ಕಥೆ ಹೇಳೆಂದರೆ, ಅವನು ಪುಟಗಳ ಸಂಖ್ಯೆಯನ್ನು ಹೇಳಿದನು. ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದನು. ಅವನನ್ನು ನಾನು ತಪ್ಪುಗಾರನೆನ್ನಲಾರೆ. ನಮ್ಮ ವಿದ್ಯಾಭ್ಯಾಸ ಪದ್ಧತಿಯ ಸಾರವನ್ನು ಅವನು ನಮಗಿಂತ ಬೇಗ ಗ್ರಹಿಸಿದ್ದನು. ಇನ್ನೊಂದು ಕಡೆ ಒಬ್ಬಳು ಹುಡುಗಿ ಒಂದೇ ಪುಸ್ತಕವನ್ನು, ಅದೂ ಪ್ರಾಣಿಗಳ ಚಿತ್ರಗಳಿದ್ದ ಒಂದು ದಪ್ಪ ಪುಸ್ತಕವನ್ನು, ಇಡೀ ರಜ ಓದುತ್ತಿದ್ದಳು. ಅವಳಿಗೆ ಬಹುಮಾನವಿಲ್ಲದೆ ಹೋಯಿತು.

ಎರಡನೆಯ ವರ್ಷ ಬಹುಮಾನವನ್ನು ಕೈಬಿಟ್ಟೆವು. ಅದಕ್ಕೆ ಬದಲಾಗಿ, ಪುಸ್ತಕ ಹಿಂದಿರುಗಿಸಲು ಬಂದ ಮಗು ಜಗಲಿಯಲ್ಲಿ ಕುಳಿತ ದೊಡ್ಡವರಲ್ಲಿ ಯಾರಿಗಾದರೂ ಆ ಪುಸ್ತಕದಲ್ಲಿ ತನಗೆ ಹಿಡಿಸಿದ ಒಂದು ಸಂಗತಿಯನ್ನು ಹೇಳಬೇಕು, ಅಥವಾ ಹಿಡಿಸಲಿಲ್ಲವೆಂದು ಹೇಳಬೇಕು. ಅಷ್ಟೇ ನಿಯಮ. ಪರೀಕ್ಷೆಯ ದನಿಯಲ್ಲಿ ಕೇಳಕೂಡದೆಂದು ನಮಗೆ ನಾವೇ ಕಟ್ಟು ಹಾಕಿಕೊಂಡೆವು. ನನಗೆ ಇದು ಕಷ್ಟವಾಯಿತು, ವೃತ್ತಿಯ ದೋಷ. ಪೋಸ್ಟ್‌ಮಾಸ್ಟರರು ಮಾತ್ರ ಇದಕ್ಕೆಂದೇ ಹುಟ್ಟಿದವರಂತಿದ್ದರು. ಮೂವತ್ತು ವರ್ಷ ಇತರರ ಕಾಗದಗಳನ್ನು ತೆರೆಯದೆ ಸಾಗಿಸಿದವರಿಗೆ ಒಳಗಿನ ಸಮಾಚಾರವನ್ನು ಕೇಳುವ ಆಸೆ ಎಷ್ಟಿದ್ದಿರಬೇಕು! "ಆಮೇಲೆ?" ಎಂಬ ಒಂದೇ ಮಾತಿನಿಂದ ಅವರು ಮಕ್ಕಳಿಂದ ಕಥೆಯನ್ನೆಲ್ಲ ಹೊರಗೆಳೆಯುತ್ತಿದ್ದರು. ಮಕ್ಕಳು ಅವರಿಗೆ ಹೇಳುವುದಕ್ಕಾಗಿಯೇ ಓದತೊಡಗಿದರು. ಮನೆಯಲ್ಲಿ ತಮ್ಮ ಮಾತನ್ನು ಕೂತು ಕೇಳುವ ದೊಡ್ಡವರು ಎಷ್ಟು ಕಡಮೆಯೆಂಬುದು ನನಗೆ ಅಲ್ಲಿ ತಿಳಿಯಿತು. ನನ್ನ ಮಗನೂ ಆ ಸಾಲಿನಲ್ಲಿ ನಿಂತಿದ್ದನು. ನನ್ನ ಮುಂದಲ್ಲ, ಪೋಸ್ಟ್‌ಮಾಸ್ಟರರ ಮುಂದೆ.

ಮೂರನೆಯ ವರ್ಷದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಬಡಾವಣೆಯ ಕೊನೆಯಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸ ನಡೆಯುತ್ತಿದ್ದಿತು. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಕುಟುಂಬಗಳು ಅದರ ಹಿಂದೆ ತಗಡಿನ ಶೆಡ್ಡುಗಳಲ್ಲಿದ್ದುವು. ಅಲ್ಲಿಂದ ಹತ್ತು ವರ್ಷದ ಒಬ್ಬಳು ಹುಡುಗಿ, ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು, ಪ್ರತಿ ದಿನವೂ ಜಗಲಿಗೆ ಬರುತ್ತಿದ್ದಳು. ಅವಳು ಗಟ್ಟಿಯಾಗಿ ಓದುವಳು, ತಮ್ಮ ಕೇಳುವನು. ನಾಲ್ಕನೆಯ ದಿನವೋ ಐದನೆಯ ದಿನವೋ ಗ್ರಂಥಪಾಲಕಿಯವರ ಮುಂದೆ ನಿಂತು, "ಇದನ್ನ ಮನಿಗೆ ಒಯ್ಯಬಹುದೇನ್ರಿ?" ಎಂದು ಕೇಳಿದಳು. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಠೇವಣಿ ಕಟ್ಟಬೇಕು, ಊರಿನಲ್ಲಿ ನೆಲೆಯುಳ್ಳವರೊಬ್ಬರು ಜಾಮೀನು ನಿಲ್ಲಬೇಕು, ವಿಳಾಸ ಬರೆಸಬೇಕು. "ಎಲ್ಲಮ್ಮ ನಿನ್ನ ಮನೆ?" ಎಂದು ಆಕೆ ಕೇಳಿದರು. ಹುಡುಗಿ ಕೈಯೆತ್ತಿ ಕಟ್ಟಡದ ಕಡೆಗೆ ತೋರಿಸಿ, "ಅದು ಮುಗಿಯೂ ಮಟ ಅಲ್ಲೇ ರೀ" ಎಂದಳು.

ಜಾಮೀನಿನ ಕಾಗದಕ್ಕೆ ನಾನು ರುಜು ಹಾಕಿದೆ. ವಿಳಾಸದ ಅಂಕಣದಲ್ಲಿ ನನ್ನ ಮನೆಯ ಸಂಖ್ಯೆಯನ್ನೇ ಬರೆದರು. ಇದರಲ್ಲಿ ಔದಾರ್ಯವೇನೂ ಇಲ್ಲ. ಪೋಸ್ಟ್‌ಮಾಸ್ಟರರು ನನ್ನನ್ನೇ ನೋಡುತ್ತಿದ್ದರು. ಅವಳು ಆ ರಜದಲ್ಲಿ ಹದಿನೇಳು ಪುಸ್ತಕಗಳನ್ನು ಒಯ್ದು ಹದಿನಾರನ್ನು ತಂದುಕೊಟ್ಟಳು. ಒಂದು ಪುಸ್ತಕ ಮೇ ತಿಂಗಳ ಗಾಳಿಮಳೆಯಲ್ಲಿ ನೆನೆದು ಉಬ್ಬಿದ್ದಿತು. ಅದನ್ನು ಅವಳ ತಾಯಿ ಇಟ್ಟಿಗೆಯ ಕೆಳಗಿಟ್ಟು ಒಣಗಿಸಿ, ತಾನೇ ಬಂದು, ದಂಡ ಎಷ್ಟೆಂದು ಕೇಳಿದಳು. ಓದು ಬಾರದ ಆ ಹೆಂಗಸು ಪುಸ್ತಕವನ್ನು ಎರಡು ಕೈಯಿಂದಲೂ ಹಿಡಿದುಕೊಂಡಿದ್ದ ರೀತಿಯನ್ನು ನಾನು ಮರೆತಿಲ್ಲ. ದಂಡವನ್ನು ಗ್ರಂಥಪಾಲಕಿಯವರು ತೆಗೆದುಕೊಳ್ಳಲಿಲ್ಲ. ಹದಿನೇಳನೆಯ ಪುಸ್ತಕ ಹಿಂದಿರುಗಲಿಲ್ಲ. ಜೂನ್ ಮೊದಲ ವಾರದಲ್ಲಿ ನೋಡಿದರೆ ಶೆಡ್ಡುಗಳೇ ಇರಲಿಲ್ಲ. ಕೆಲಸ ಮುಗಿದು ಮೇಸ್ತ್ರಿ ಅವರನ್ನು ಬೇರೆಲ್ಲಿಗೋ ಸಾಗಿಸಿದ್ದನು. ಮೇಲಿನವರಿಂದ ಶಾಖೆಗೆ ವಿವರಣೆ ಕೇಳಿ ಕಾಗದ ಬಂದಿತು. ನಾನು ಪುಸ್ತಕದ ಬೆಲೆಯನ್ನು ಕಟ್ಟಿದೆ, 60 ರೂಪಾಯಿ. ರಸೀತಿ ಈಗಲೂ ನನ್ನ ಬಳಿ ಇದೆ.

ನಮ್ಮ ಊರಿನ ಹಳೆಯ ಮೇಲ್ವಿಚಾರಕರ ಮಾತು ಆಗ ನನಗೆ ನೆನಪಾಯಿತು. ಕಳೆದ ಒಂದು ಪುಸ್ತಕಕ್ಕೆ ವಿವರಣೆ ಕೇಳಿದರು. ಓದಿದ ಹದಿನಾರಕ್ಕೆ ಯಾರೂ ಕೇಳಲಿಲ್ಲ. ಗ್ರಂಥಪಾಲಕಿಯವರು ಆ ಕಾಗದಕ್ಕೆ ಉತ್ತರ ಬರೆಯುತ್ತ, "ಮುಂದಿನ ವರ್ಷ ಬೀರುವನ್ನು ಹೊರಗೆ ತರಬೇಕೋ ಬೇಡವೋ ತಿಳಿಯದು, ಸಾರ್" ಎಂದರು. ಸಾಧಾರಣ ಸಂಬಳದ ನೌಕರರೊಬ್ಬರಿಂದ ಇದಕ್ಕಿಂತ ಹೆಚ್ಚಿನ ಧೈರ್ಯವನ್ನು ನಿರೀಕ್ಷಿಸುವ ಅಧಿಕಾರ ನಮಗಿದೆಯೆ? ನೆರವು ಎಂಬುದು ಬೇಕಾಗಿರುವುದು ಇಲ್ಲಿ. ಮಕ್ಕಳ ಕೈಯಲ್ಲಿ ಪುಸ್ತಕ ಸವೆಯುವುದು, ಕೆಲವು ಕಳೆಯುವುದು ಸಹಜ. ಆ ನಷ್ಟದ ಭಾರವನ್ನು ಮೇಜಿನ ಹಿಂದೆ ಕುಳಿತ ಒಬ್ಬರ ತಲೆಯ ಮೇಲೆ ಹೊರಿಸದೆ ಹತ್ತು ಮಂದಿ ಹಂಚಿಕೊಂಡರೆ ಬೀರು ತೆರೆದಿರುತ್ತದೆ. ಆ ವರ್ಷದಿಂದ ನಾವು ಕೆಲವರು ಸೇರಿ ಬೇಸಿಗೆಗೆ ಮುಂಚೆ ತಲೆಗೆ 200 ರೂಪಾಯಿಯಂತೆ ಕೂಡಿಸಿ, ಕಳೆದ ಪುಸ್ತಕಗಳ ಬಾಬ್ತಿಗೆಂದು ಇಡುತ್ತಿದ್ದೇವೆ. ಎರಡು ವರ್ಷಗಳಲ್ಲಿ ಅದರಲ್ಲಿ ಅರ್ಧವೂ ಖರ್ಚಾಗಿಲ್ಲ.

ಪುಸ್ತಕದಾನವನ್ನು ಕುರಿತು ಒಂದು ಮಾತು. ಪುಸ್ತಕಭಂಡಾರಕ್ಕೆ ನೆರವೆಂದೊಡನೆ ನಮ್ಮವರು ಮನೆಯ ಅಟ್ಟವನ್ನು ಶುದ್ಧಿಮಾಡುತ್ತಾರೆ. ಇಂಜಿನಿಯರಿಂಗ್ ಪ್ರವೇಶಪರೀಕ್ಷೆಯ ಹಳೆಯ ಮಾರ್ಗದರ್ಶಿಗಳು, ಆದಾಯ ತೆರಿಗೆಯ ರದ್ದಾದ ಕಾಯಿದೆಗಳು, ಮೊದಲ ಮೂವತ್ತು ಪುಟವಿಲ್ಲದ ಕಾದಂಬರಿಗಳು ನಮ್ಮ ಜಗಲಿಗೆ ಬಂದಿವೆ. ಒಮ್ಮೆ ಒಂದು ರೈಲ್ವೆ ವೇಳಾಪಟ್ಟಿಯೂ ಬಂದಿತು. ದಾನಕ್ಕೆ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂಬ ಗಾದೆ ನಮ್ಮಲ್ಲಿದೆ. ಆದರೆ ಎಂಟು ವರ್ಷದ ಮಗುವಿಗೆ ಹಾಲು ಕೊಡಬೇಕಾದ ಹಸುವಾದರೆ ಎಣಿಸಲೇಬೇಕು. ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ದುಬಾರಿಯಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯವರು ಬಣ್ಣದ ಚಿತ್ರಗಳ ಸಣ್ಣ ಪುಸ್ತಕಗಳನ್ನು ಅಗ್ಗದ ಬೆಲೆಗೆ ತಂದಿದ್ದಾರೆ. ಸಂಜೆಯ ಹೋಟೆಲಿನ ಒಂದು ಬಿಲ್ಲಿನ ಹಣದಲ್ಲಿ ಒಂದು ಸಾಲು ತುಂಬುವಷ್ಟು ಪುಸ್ತಕಗಳನ್ನು ತರಬಹುದು. ಕೊಡುವ ಮೊದಲು ಯಾವುವು ಬೇಕೆಂದು ಶಾಖೆಯಲ್ಲಿ ಕೇಳಿದರೆ ಮತ್ತೂ ಉತ್ತಮ.

ನಾವು ಕೊಡದೆಯೂ ಕೊಡುತ್ತಿರುವ ಹಣವೊಂದಿದೆ. 1965ರ ಸಾರ್ವಜನಿಕ ಪುಸ್ತಕಭಂಡಾರಗಳ ಕಾಯಿದೆಯ ಪ್ರಕಾರ ನಗರವಾಸಿಗಳು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಪುಸ್ತಕಭಂಡಾರದ ಕರವೂ ಸೇರಿರುತ್ತದೆ. ಸಂಗ್ರಹಿಸಿದ ಕರವು ಸಕಾಲದಲ್ಲಿ ಪುಸ್ತಕಭಂಡಾರಗಳಿಗೆ ಸಂದಾಯವಾಗದೆ ಪೌರಸಂಸ್ಥೆಗಳಲ್ಲಿ ಬಾಕಿ ನಿಲ್ಲುವುದೆಂಬ ದೂರು ಹಳೆಯದು, ಮತ್ತೆ ಮತ್ತೆ ಕೇಳಿಬರುವಂಥದು. ತಮ್ಮ ವಾರ್ಡಿನಲ್ಲಿ ಓಟು ಕೇಳಲು ಬಂದವರನ್ನು ಚರಂಡಿಯ ವಿಷಯವನ್ನು ಕೇಳಿದ ಮೇಲೆ ಇದನ್ನೂ ಕೇಳಬಹುದು. ತೆರಿಗೆಯ ರಸೀತಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿರೆಂದು ಬೇಡುತ್ತೇನೆ.

ಹಳ್ಳಿಗಳವರು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದ್ದಾರೆಂದು ಹೇಳಲು ನನಗೆ ಸಂಕೋಚವೂ ಸಂತೋಷವೂ ಆಗುತ್ತದೆ. ಗ್ರಾಮ ಪಂಚಾಯತಿಗಳ ಪುಸ್ತಕಭಂಡಾರಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದುವು. ಶಾಲೆಗಳು ಸೋಂಕಿನ ಕಾರಣದಿಂದ ಮುಚ್ಚಿದ್ದ 2020ರಲ್ಲಿ, ರಾಜ್ಯೋತ್ಸವದ ದಿನದಿಂದ, ಓದುವ ಬೆಳಕು ಎಂಬ ಹೆಸರಿನಲ್ಲಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವನ್ನು ಕೊಡತೊಡಗಿದರು. ಇಂತಹ ಪುಸ್ತಕಭಂಡಾರಗಳು ನಾಡಿನಲ್ಲಿ ಐದು ಸಾವಿರಕ್ಕೂ ಮೇಲಿವೆ. ಅರಿವು ಕೇಂದ್ರಗಳೆಂದು ಈಗ ಅವುಗಳ ಹೆಸರು. ಎಲ್ಲವೂ ಒಂದೇ ಸಮನಾಗಿ ನಡೆಯುತ್ತಿವೆಯೆಂದು ನಾನು ಹೇಳುವುದಿಲ್ಲ. ಆದರೆ ಹಳ್ಳಿಯ ಮಗುವಿನಿಂದ ಠೇವಣಿಯನ್ನು ಕೇಳಬಾರದೆಂದು ತೀರ್ಮಾನವಾದ ಮೇಲೆ, ನಗರದ ಮಗುವಿನಿಂದ ಏಕೆ ಕೇಳಬೇಕೆಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಸರ್ಕಾರ ಮಾಡಲಿ ಎಂದು ಕುಳಿತಿದ್ದರೆ ಆಗುವುದೇನೆಂಬುದಕ್ಕೆ ಆಕಾಶವಾಣಿಯ ಕಥೆಯೇ ಸಾಕ್ಷಿ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ, ಮೂವತ್ತು ವಾಟ್ಟಿನ ಒಂದು ಯಂತ್ರದಿಂದ ಬಾನುಲಿಯನ್ನು ಆರಂಭಿಸಿದರು. ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡದ್ದು ಕೆಲವು ವರ್ಷಗಳ ಮೇಲೆ. ಅವರೂ ಒಬ್ಬ ಕಾಲೇಜು ಅಧ್ಯಾಪಕರೇ ಎಂಬುದನ್ನು ನನ್ನ ಸಹೋದ್ಯೋಗಿಗಳಿಗೆ ಜ್ಞಾಪಿಸಬಯಸುತ್ತೇನೆ. ಜಗಲಿಗೆ ಒಂದು ಬೀರುವನ್ನು ತರುವುದಕ್ಕೆ ಅಷ್ಟು ಸಾಹಸವೂ ಬೇಕಾಗಿಲ್ಲ.

ಪೋಸ್ಟ್‌ಮಾಸ್ಟರರು ಕಳೆದ ವರ್ಷ ತೀರಿಕೊಂಡರು. ಅವರ ಕುರ್ಚಿಯಲ್ಲಿ ವಾರಕ್ಕೆರಡು ದಿನ, ಬೆಳಿಗ್ಗೆ ಒಂದು ಗಂಟೆ ಕುಳಿತು "ಆಮೇಲೆ?" ಎಂದು ಕೇಳಲು ಒಬ್ಬರು ಬೇಕಾಗಿದ್ದಾರೆ. ಗಂಡಸರಾದರೂ ಸರಿ, ಹೆಂಗಸರಾದರೂ ಸರಿ. ಕಿವಿ ನೆಟ್ಟಗಿದ್ದು ಬಾಯಿ ಸ್ವಲ್ಪ ಮಿತವಾಗಿದ್ದರೆ ಸಾಕು. ಬರುವ ಬೇಸಿಗೆಗೆ ಮನೆಗೆ ಪುಸ್ತಕ ಒಯ್ಯಬೇಕೆಂದು ಹನ್ನೊಂದು ಮಕ್ಕಳು ಅರ್ಜಿ ಕೊಟ್ಟಿದ್ದಾರೆ. ಯಾರಿಗೂ ಸ್ವಂತ ಮನೆಯಿಲ್ಲ. ಒಬ್ಬರು ನಾಲ್ವರಿಗಿಂತ ಹೆಚ್ಚಿನವರಿಗೆ ಜಾಮೀನು ನಿಲ್ಲಬಾರದೆಂಬುದು ನಮ್ಮ ಶಾಖೆಯ ಪದ್ಧತಿಯಾದುದರಿಂದ ನಾನು ನಾಲ್ಕು ಕಾಗದಗಳಿಗೆ ರುಜು ಹಾಕಿದ್ದೇನೆ. ಮಿಕ್ಕ ಏಳು ಅರ್ಜಿಗಳು ಗ್ರಂಥಪಾಲಕಿಯವರ ಮೇಜಿನಲ್ಲಿ, ಹಿಂದೆ ಬೀರುವಿನ ಬೀಗದ ಕೈ ಇರುತ್ತಿದ್ದ ಸ್ಥಳದಲ್ಲಿ ಇವೆ. ಶಾಖೆಗೆ ಸೋಮವಾರ ರಜ. ಉಳಿದ ದಿನಗಳಲ್ಲಿ ಆಕೆ ಅಲ್ಲಿಯೇ ಇರುತ್ತಾರೆ.